ಲಾರಿಯ ನೆತ್ತಿಯ ಮೇಲಿನ ಭಾರ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಲಾರಿಯ ಮೇಲ್ಛಾವಣಿಯೇ ಒಂದು ಅಪಾಯ. ರಾತ್ರಿ ಬಿದ್ದ ಹಿಮ ಅಲ್ಲಿ ಹೆಪ್ಪುಗಟ್ಟುತ್ತದೆ. ಮರುದಿನ ಲಾರಿ ವೇಗ ಪಡೆದೊಡನೆ ಆ ಗಡ್ಡೆ ಗಾಳಿಗೆ ಕಿತ್ತು ಹಿಂದೆ ಬರುವವರ ಮೇಲೆ ಅಪ್ಪಳಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯವು 2022ರಲ್ಲಿ ಕಾನೂನನ್ನೇ ಮಾಡಿ, ಹಿಮಪಾತ ನಿಂತ 24 ಗಂಟೆಗಳೊಳಗೆ ಅದನ್ನು ತೆಗೆಯಲು ತಕ್ಕ ಪ್ರಯತ್ನ ಮಾಡುವುದು ಚಾಲಕನ ಹೊಣೆಯೆಂದು ವಿಧಿಸಿತು.

ಆದೋನಿಯಲ್ಲಿ ಹಿಮವಿಲ್ಲ. ಆದರೆ ಹತ್ತಿಯಿದೆ, ತಾಡಪತ್ರಿಯಿದೆ, ಮಳೆಯಿದೆ. ಆಲೂರು, ಆದೋನಿ, ಎಮ್ಮಿಗನೂರು, ಮಂತ್ರಾಲಯಗಳನ್ನು ಪೋಣಿಸುವ 167ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೈಕಲ್ ತುಳಿಯುವ ನಮ್ಮ ಮಕ್ಕಳಿಗೆ ಈ ನೋಟ ಹೊಸದಲ್ಲ: ಎರಡೂ ಬದಿಗೆ ಉಬ್ಬಿದ ಹತ್ತಿಯ ಅಂಡಿಗೆಗಳು, ಮೇಲೆ ಕಟ್ಟಿದ ತಾಡಪತ್ರಿ, ಅದರ ತಗ್ಗಿನಲ್ಲಿ ನಿಂತ ಮಳೆನೀರು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗ್ಗಿನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೂ ಅದರ ತೂಕ ನೂರು ಕಿಲೋ. ಬೇಕಾದರೆ ಮಕ್ಕಳೇ ಗುಣಿಸಿ ನೋಡಲಿ. ಲಾರಿ ತಿರುವಿನಲ್ಲಿ ವಾಲಿದಾಗ ಆ ನೀರು ಒಮ್ಮೆಗೇ ಬೈಕಿನವನ ಮುಖಕ್ಕೆ ಸುರಿದರೆ ಅವನಿಗೆ ದಾರಿ ಕಾಣದು. ಹೊರಡುವ ಮುನ್ನ ನೀರನ್ನು ಚೆಲ್ಲಿ ಹಗ್ಗ ಬಿಗಿಯುವುದು ಕೆಲವೇ ನಿಮಿಷಗಳ ಕೆಲಸ. ಆದರೆ ವಿದ್ಯುತ್ ತಂತಿಯ ಕೆಳಗೆ ಕ್ಲೀನರ್ ಹುಡುಗನನ್ನು ಮೇಲೆ ಹತ್ತಿಸುವುದು ಇನ್ನೊಂದು ಅಪರಾಧವೇ ಸರಿ. ನೆಲದಿಂದಲೇ ಒಣಗಿದ ಉದ್ದನೆಯ ಬಿದಿರಿನ ಗಳದಿಂದ, ಅದೂ ತಂತಿಯಿಂದ ದೂರ ನಿಂತು, ನೀರು ಚೆಲ್ಲಬಹುದು.

ನಮ್ಮ ಕಾನೂನು ಹಿಮದ ಹೆಸರೆತ್ತುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮು, ಸರಕಾಗಲಿ ಬೇರಾವುದೇ ವಸ್ತುವಾಗಲಿ ವಾಹನದ ಬದಿಗೆ, ಮುಂದಕ್ಕೆ, ಹಿಂದಕ್ಕೆ ಚಾಚಿದರೂ ಎತ್ತರದ ಮಿತಿ ಮೀರಿದರೂ 20,000 ರೂಪಾಯಿ ದಂಡ ವಿಧಿಸುತ್ತದೆ. ಹೆಚ್ಚಿನ ಸರಕನ್ನು ಇಳಿಸುವ ವೆಚ್ಚವೂ ಅವರದೇ. ಓಡಿಸಿದವನಷ್ಟೇ ಅಲ್ಲ, ಓಡಿಸಗೊಟ್ಟವನೂ ಹೊಣೆಗಾರ. ಅಂಡಿಗೆ ಹೇರಿಸಿದ ಧಣಿಗಳು ಈ ಮಾತನ್ನು ಎರಡು ಬಾರಿ ಓದಬೇಕು.

ದಂಡ ಸರಕಾರಕ್ಕೆ ಸೇರುತ್ತದೆ. ಗಾಯಗೊಂಡ ಮನೆಯವರಿಗೆ ಮುಖ್ಯವಾದುದು ಲಾರಿಯ ನಂಬರು. ಅದು ಗೊತ್ತಿದ್ದರೆ, ಯಾರ ತಪ್ಪೆಂದು ಸಾಧಿಸದೆಯೇ 164ನೆಯ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ನಿರ್ಲಕ್ಷ್ಯವನ್ನು ಸಾಬೀತುಪಡಿಸಬಲ್ಲವರು ಅದರ ಬದಲು 166ನೆಯ ಕಲಮಿನಡಿ ಪೂರ್ಣ ಪರಿಹಾರವನ್ನೇ ಕೋರಬಹುದು. ಲಾರಿ ಯಾವುದೆಂದು ಪತ್ತೆಯೇ ಆಗದಿದ್ದರೆ 161ನೆಯ ಕಲಮಿನಡಿ ದೊರೆಯುವುದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಮಾತ್ರ. ಮೇಲಿನಿಂದ ಏನೋ ಬಿದ್ದದ್ದು ಚಾಲಕನಿಗೆ ತಿಳಿಯದೆಯೇ ಲಾರಿ ಮುಂದೆ ಸಾಗಿಬಿಡಬಹುದು. ಆದುದರಿಂದ ಸುತ್ತಲಿದ್ದವರು ಗಾಯಾಳುವನ್ನು ಎತ್ತುವಾಗಲೇ ಒಬ್ಬರು ನಂಬರನ್ನು ಬರೆದುಕೊಳ್ಳಬೇಕು.

ಲಾರಿಯ ಹಿಂದೆ ಹೋಗುವವರು ಎರಡು ಸೆಕೆಂಡಿನ ಅಂತರವನ್ನಾದರೂ ಬಿಡಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 33 ಮೀಟರ್. ಮಳೆಯಲ್ಲಿ ಇನ್ನೂ ಹೆಚ್ಚು.

ಗಡಿಯವರಾದ ನಮಗೆ ಇನ್ನೊಂದು ಅನುಕೂಲವಿದೆ. ಅಪಘಾತ ಸಿರುಗುಪ್ಪದಲ್ಲೋ ರಾಯಚೂರಿನಲ್ಲೋ ನಡೆದರೂ, ನೊಂದವರು ತಾವು ವಾಸಿಸುವ ಪ್ರದೇಶದ ನ್ಯಾಯಾಧಿಕರಣದಲ್ಲಿಯೇ ಅರ್ಜಿ ಹಾಕಬಹುದು. ಎಫ್‌ಐಆರ್ ಪ್ರತಿಯನ್ನು ಪೊಲೀಸರು ದೂರುದಾರರಿಗೂ ಸಂತ್ರಸ್ತರಿಗೂ ಉಚಿತವಾಗಿ ಕೊಡಬೇಕು. ಆಚೆಯದು ಕನ್ನಡದಲ್ಲಿ, ಈಚೆಯದು ತೆಲುಗಿನಲ್ಲಿ ಇರುತ್ತದೆ. ಸಹಿ ಹಾಕುವ ಮುನ್ನ, ಎರಡೂ ಓದಬಲ್ಲ ಮಗನಿಂದಲೋ ಮಗಳಿಂದಲೋ ಲಾರಿಯ ನಂಬರು ಸರಿಯಾಗಿದೆಯೇ ಎಂದು ಓದಿಸಿಕೊಳ್ಳಿ.