ಸಂಘದಲ್ಲಿ ಸದಾ ಗೊಣಗುವವರೊಡನೆ ಹೇಗಿರಬೇಕು?



ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲಿ ಹೀಗೆ ಮಾತನಾಡುವವರು ಒಬ್ಬರಾದರೂ ಇರುತ್ತಾರೆ: "ಡೇರಿಯಿಂದ ಯಾರು ಉದ್ಧಾರವಾದರು? ಫ್ಯಾಟು ಅವರು ಬರೆದದ್ದೇ ಲೆಕ್ಕ. ಲಸಿಕೆ ಹಾಕಿಸಿದರೆ ಹಾಲು ಬತ್ತುತ್ತದೆ." ದಿನಕ್ಕೆ ಎರಡು ಹೊತ್ತು ಇವರ ಪಕ್ಕದಲ್ಲೇ ಪಾತ್ರೆ ಹಿಡಿದು ನಿಲ್ಲಬೇಕು. ಸಹಕಾರ ಸಂಘದಲ್ಲಿ ಜೊತೆಗಾರರನ್ನು ಆರಿಸಿಕೊಳ್ಳಲು ಬರುವುದಿಲ್ಲ. ಅವರ ಮಾತು ಕೇಳಿ ನಿಮ್ಮ ಕೊಟ್ಟಿಗೆಗೆ ನಷ್ಟವಾಗದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೈಯಲ್ಲಿದೆ.

ಅವರು ಹೇಳುವುದರಲ್ಲಿ ಪರೀಕ್ಷಿಸಿ ನೋಡಬಹುದಾದದ್ದು ಯಾವುದು, ಬರೀ ಬೇಸರದ ಮಾತು ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಉದಾಹರಣೆಗೆ ಜಿಡ್ಡಿನ ಜಗಳ. ಸಂಜೆ 4.2 ಬಂದದ್ದು ಬೆಳಿಗ್ಗೆ 3.5 ಬಂದರೆ ಪರೀಕ್ಷಕರು ಮೋಸ ಮಾಡಿದರೆಂದೇ ಅರ್ಥವಲ್ಲ. ರಾತ್ರಿಯ ಅಂತರ ದೀರ್ಘವಾದ್ದರಿಂದ ಬೆಳಗಿನ ಹಾಲು ಹೆಚ್ಚು, ಜಿಡ್ಡು ಕಡಿಮೆ. ಮೊದಲ ಧಾರೆಗಳಲ್ಲಿ ಜಿಡ್ಡು ಶೇಕಡಾ 1ರಿಂದ 2ರಷ್ಟೇ ಇರುತ್ತದೆ. ಕೊನೆಯ ಧಾರೆಗಳಲ್ಲಿ ಅದರ ಹಲವು ಪಟ್ಟು. ಕೊನೆಯ ಹಾಲನ್ನು ಕರುವಿಗೆ ಬಿಟ್ಟವರು ಗಟ್ಟಿ ಹಾಲನ್ನು ಮನೆಯಲ್ಲೇ ಬಿಟ್ಟು ಬಂದಂತಾಯಿತು. ಕರುವಿಗೆ ಮೊದಲೇ ಅಳೆದು ಕುಡಿಸಿ, ಕೆಚ್ಚಲನ್ನು ಪೂರ್ತಿ ಕರೆಯಿರಿ. ಹಸಿ ಮೇವಿನ ಜೊತೆ ಒಣ ಹುಲ್ಲೂ ಬೇಕು.

ಇಷ್ಟಾದರೂ ಅನುಮಾನ ಉಳಿದರೆ ಸಾಲಿನಲ್ಲಿ ಕೂಗಾಡಿ ಫಲವಿಲ್ಲ. ಅದೇ ಹಾಲನ್ನು ಚೆನ್ನಾಗಿ ಕಲಕಿ, ಇಬ್ಬರು ಸದಸ್ಯರ ಎದುರು ಮತ್ತೊಮ್ಮೆ ಮಾದರಿ ತೆಗೆದು ಪರೀಕ್ಷೆ ಮಾಡಿಸಿ. ವ್ಯತ್ಯಾಸ ಕಂಡುಬಂದರೆ ಆಡಳಿತ ಮಂಡಳಿಗೆ ಬರವಣಿಗೆಯಲ್ಲಿ ದೂರು ಕೊಡಿ. ಗೊಣಗುವವರ ಮಾತು ಕೆಲವೊಮ್ಮೆ ನಿಜವೂ ಆಗಿರುತ್ತದೆ; ಕಾರ್ಯದರ್ಶಿಗಳು ಇದನ್ನು ಮರೆಯಬಾರದು. ಮಾದರಿ ತೆಗೆಯುವಾಗ ಅವರನ್ನೇ ಸಾಕ್ಷಿಯಾಗಿ ನಿಲ್ಲಿಸಿಕೊಂಡರೆ ಇನ್ನೂ ಒಳ್ಳೆಯದು.

ಲಸಿಕೆಯ ವಿಷಯದಲ್ಲಿ ಮಾತ್ರ ಅವರ ಮಾತಿಗೆ ಕಿವಿಗೊಡಬೇಡಿ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಸ್ವಲ್ಪ ಜ್ವರ, ಚುಚ್ಚಿದ ಕಡೆ ಊತ ಬರಬಹುದು. ಹಾಲು ತುಸು ಇಳಿದು ಕೆಲವು ದಿನಗಳಲ್ಲಿ ಮೊದಲಿನಂತಾಗುತ್ತದೆ. ರೋಗವೇ ಬಂದರೆ ಆ ಸೂಲಿನ ಹಾಲು ಮತ್ತೆ ಮೊದಲಿನ ಮಟ್ಟಕ್ಕೆ ಬರುವುದು ಕಷ್ಟ. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ರೋಗ ಹಬ್ಬಿ ಸಾವಿರಾರು ರಾಸುಗಳು ಸತ್ತದ್ದು ನಿಮಗೆ ನೆನಪಿರಬಹುದು. ಲಸಿಕೆಯ ರಕ್ಷಣೆ ಸುಮಾರು 6 ತಿಂಗಳು ಮಾತ್ರ. ಆದ್ದರಿಂದ ವಾದಕ್ಕೆ ನಿಲ್ಲದೆ, ಲಸಿಕೆಯ ದಿನ ನಿಮ್ಮ ರಾಸುಗಳನ್ನು ಎಲ್ಲರಿಗಿಂತ ಮೊದಲು ಹಿಡಿದುಕೊಂಡು ಬನ್ನಿ. ವಾರದ ನಂತರ ನಿಮ್ಮ ಹಾಲಿನ ಚೀಟಿಯೇ ಅವರಿಗೆ ಉತ್ತರ ಹೇಳುತ್ತದೆ. ತುಂಬು ಗಬ್ಬದ ರಾಸಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಇನ್ನೊಂದು ಮಾತು. ಕೊಟ್ಟಿಗೆಗಳಿಗೆ ಹೋದಾಗ ನಾನು ಗಮನಿಸಿರುವಂತೆ, ಇಂಥವರಲ್ಲಿ ಅನೇಕರ ಮನೆಯಲ್ಲಿ ಮೂರು ನಾಲ್ಕು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದ ಹಸುವೋ, ಕೆಚ್ಚಲು ಬಾವಿನಿಂದ ಒಂದು ಮೊಲೆ ಕಳೆದುಕೊಂಡ ಹಸುವೋ ಇರುತ್ತದೆ. ದಿನಾ ಮೇವು ತಿನ್ನುವ, ಹಾಲು ಕೊಡದ ರಾಸನ್ನು ಕಟ್ಟಿಕೊಂಡವರಿಗೆ ಡೇರಿಯಲ್ಲಿ ಯಾವುದು ತಾನೇ ಸರಿ ಕಂಡೀತು? "ಹಸು ಹೇಗಿದೆ ಅಣ್ಣ?" ಎಂದು ಒಮ್ಮೆ ಕೇಳಿ ನೋಡಿ. ಸಂಜೆ ಬೆದೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅದೇ ಸಂಜೆ ಗರ್ಭಧಾರಣೆ ಮಾಡಿಸಬೇಕೆಂಬುದು, ಖನಿಜ ಮಿಶ್ರಣ ದಿನವೂ ಕೊಡಬೇಕೆಂಬುದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಬರಡು ರಾಸುಗಳ ಚಿಕಿತ್ಸಾ ಶಿಬಿರ ನಡೆಯುವ ದಿನವನ್ನು ಅವರಿಗೆ ತಪ್ಪದೆ ತಿಳಿಸಿ.

ಇಷ್ಟೆಲ್ಲಾ ಮಾಡಿದರೂ ಬದಲಾಗದವರಿದ್ದಾರೆ. ಅವರಿಗೆ "ಮಹಾಸಭೆಯಲ್ಲಿ ಕೇಳೋಣ ಬನ್ನಿ" ಎಂದಷ್ಟೇ ಹೇಳಿ, ಚೀಟಿ ತೆಗೆದುಕೊಂಡು ಮನೆಗೆ ನಡೆಯಿರಿ. ಆದರೆ ಸಾಲಿನಲ್ಲಿ ಹೊಸ ಸದಸ್ಯರು, ಅದರಲ್ಲೂ ಮೊದಲ ಹಸು ಕಟ್ಟಿದ ಹೆಣ್ಣುಮಕ್ಕಳು ಇದ್ದರೆ, ಅವರನ್ನು ಪಕ್ಕಕ್ಕೆ ಕರೆದು ಮೇಲೆ ಹೇಳಿದ ಜಿಡ್ಡಿನ ಲೆಕ್ಕವನ್ನು ಅಂದೇ ತಿಳಿಸಿಕೊಡಿ.