ಹೆದರಿಕೆ ಮಂಗನ ಕಾಯಿಲೆಯದ್ದು, ಅಪಾಯ ಸೂಜಿಯದ್ದು

ಹೊರಗಿನವರಿಗೆ ಸೊರಬ ಎಂದರೆ ಗುಡವಿ ಪಕ್ಷಿಧಾಮ. ಸೊರಬ ತಾಲ್ಲೂಕಿನವರ ನೆನಪಿನಲ್ಲಿ ಇನ್ನೊಂದು ಹೆಸರೂ ಇದೆ: ಕ್ಯಾಸನೂರು ಕಾಡು. ಇದೇ ತಾಲ್ಲೂಕಿನ ಆ ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಹೊಸ ವೈರಾಣುವನ್ನು ಪತ್ತೆಹಚ್ಚಿದರು; ಕಾಡಿನ ಹೆಸರೇ ಕಾಯಿಲೆಗೂ ಅಂಟಿತು, ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಇಂಥ ಸೀಮೆಯಲ್ಲಿ ಮಗಳು ನರ್ಸಿಂಗ್ ಓದುತ್ತೇನೆಂದರೆ ಮನೆಯವರು ಹಿಂಜರಿಯುವುದು ಸಹಜವೇ.

ಆದರೆ ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ ನಿದರ್ಶನವಿಲ್ಲ. ಅದನ್ನು ಹೊತ್ತು ತರುವುದು ಉಣುಗು. ಪ್ರಯೋಗಾಲಯದಲ್ಲಿ ವೈರಾಣುವಿನ ಜೊತೆ ಕೆಲಸ ಮಾಡಿದವರಿಗೆ ಸೋಂಕು ತಗುಲಿದ್ದುಂಟು, ಆ ಮಾತು ಬೇರೆ. ವಾರ್ಡಿನಲ್ಲಿ ರೋಗಿಯ ಆರೈಕೆ ಮಾಡುವ ಮಗಳಿಗಿಂತ, ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗುವ ತಾಯಿಗೇ ಇದರ ಅಪಾಯ ಹೆಚ್ಚು.

ಎಲ್ಲ ವೈರಾಣುಗಳೂ ಹೀಗಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ನಿಫಾ ರೋಗಿಯನ್ನು ನೋಡಿಕೊಂಡ ದಾದಿ ಲಿನಿ ಪುದುಶ್ಶೇರಿ ಅದೇ ಸೋಂಕಿಗೆ ಬಲಿಯಾದರು. ಎದುರಿಗಿರುವುದು ಯಾವ ಕಾಯಿಲೆ ಎಂದು ಇನ್ನೂ ಗೊತ್ತಾಗದ ದಿನಗಳವು. ಗೊತ್ತಾಗುವ ಮುನ್ನವೇ ರೋಗಿಯನ್ನು ಮುಟ್ಟಬೇಕಾಗಿರುವುದು ಈ ಕೆಲಸದ ನಿಜವಾದ ಕಷ್ಟ.

ಆದರೂ ನಿಫಾ ಅಪರೂಪ. ದಿನನಿತ್ಯದ ಅಪಾಯಗಳು ಸುದ್ದಿಯಾಗುವುದಿಲ್ಲ: ಕೆಮ್ಮುವ ಕ್ಷಯರೋಗಿ, ಬಳಸಿದ ಸೂಜಿ. ಹೆಪಟೈಟಿಸ್ ಬಿ ಇರುವವರಿಗೆ ಬಳಸಿದ ಸೂಜಿ ಲಸಿಕೆ ಪಡೆಯದ ನರ್ಸ್‌ಗೆ ಚುಚ್ಚಿದರೆ ಸೋಂಕು ತಗುಲುವ ಸಾಧ್ಯತೆ ಶೇ 6ರಿಂದ 30. ಎಚ್‌ಐವಿಯದ್ದು ಸುಮಾರು ಶೇ 0.3 ಮಾತ್ರ. ಜನ ಹೆದರುವುದು ಎರಡನೆಯದಕ್ಕೆ! ಮೊದಲನೆಯದಕ್ಕೆ ಆರು ತಿಂಗಳಲ್ಲಿ ಮುಗಿಯುವ ಮೂರು ಡೋಸ್‌ಗಳ ಲಸಿಕೆಯಿದೆ. ಮೈಯಲ್ಲಿ ಪ್ರತಿಕಾಯ ಮೂಡಿದೆಯೇ ಎಂಬುದನ್ನು ರಕ್ತಪರೀಕ್ಷೆ ಹೇಳುತ್ತದೆ. ಎಚ್‌ಐವಿಗೆ ಲಸಿಕೆಯಿಲ್ಲ, ಆದರೆ ಸೋಂಕು ತಡೆಯಲು ಸೂಜಿ ಚುಚ್ಚಿದ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಮಾತ್ರೆಗಳಿವೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ಬಿಟ್ಟರೆ ಎಷ್ಟೋ ಚುಚ್ಚುಗಳೇ ತಪ್ಪುತ್ತವೆ. ಕ್ಷಯದ ವಾರ್ಡಿಗೆ ಬಟ್ಟೆಯ ಮಾಸ್ಕ್ ಸಾಲದು, ಎನ್-95 ಬೇಕು.

ಕಾಲೇಜು ನೋಡಲು ಹೋದ ಅಪ್ಪ-ಅಮ್ಮ ಶುಲ್ಕ, ಹಾಸ್ಟೆಲ್ ಊಟ ವಿಚಾರಿಸಿ ಬರುತ್ತಾರೆ. ವಾರ್ಡಿಗೆ ಕಳಿಸುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತೀರಾ, ಎನ್-95 ಆಸ್ಪತ್ರೆಯೇ ಕೊಡುತ್ತದೆಯೇ, ರಾತ್ರಿ ಪಾಳಿಯಲ್ಲಿ ಸೂಜಿ ಚುಚ್ಚಿದರೆ ಆ ಮಾತ್ರೆಗಳ ಕಪಾಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂದೂ ಅವರು ಅಲ್ಲೇ ಕೇಳಬಹುದು.