ಅಂಗಡಿಯ ಲೆಕ್ಕ ಅಂಗಡಿ ದಾಟಿದಾಗ

ತಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿ ವಿಜಯಪುರ ಪೇಟೆಗೂ ಬರುತ್ತದೆ, ಗಡಿ ದಾಟಿ ಸಾಂಗ್ಲಿ, ತಾಸಗಾಂವಕ್ಕೂ ಹೋಗುತ್ತದೆ. ಇಂಥ ವ್ಯಾಪಾರದ ಲೆಕ್ಕವನ್ನು ಕೆಂಪು ಬಟ್ಟೆಯ ಕಿರ್ದಿಯಿಂದ ಕಂಪ್ಯೂಟರಿಗೆ ತಂದದ್ದು ಬಹುಮಟ್ಟಿಗೆ ಟ್ಯಾಲಿ. ಗೋಯೆಂಕಾ ತಂದೆ-ಮಗ 1986ರಲ್ಲಿ ಶುರುಮಾಡಿದ, ಬೆಂಗಳೂರಿನಲ್ಲಿ ನೆಲೆ ನಿಂತ ಕಂಪನಿ ಅದು. ಡಾಸ್ ಹೋಗಿ ವಿಂಡೋಸ್ ಬಂತು, ಇಂಟರ್ನೆಟ್ ಬಂತು. ಪ್ರತಿ ಸಲವೂ ಹಳೆಯ ತಂತ್ರಾಂಶದ ಕಥೆ ಮುಗಿಯಿತು ಎಂದವರಿದ್ದರು. ಗುಮಾಸ್ತನ ಬೆರಳು ಮಾತ್ರ ದಾರಿ ತಪ್ಪಲಿಲ್ಲ: ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ, ಇಂದಿಗೂ. ಲೆಕ್ಕ ಅಂಗಡಿಯೊಳಗೇ ಇರುವವರೆಗೆ ಯಾವ ಅಲೆಯೂ ಅದನ್ನು ಅಲುಗಾಡಿಸಲಿಲ್ಲ ಎಂಬುದೇ ನನ್ನ ವಾದ.

ಅಲುಗಾಡಿದ್ದು 2017ರ ಜುಲೈ 1ರಂದು, ಜಿಎಸ್‌ಟಿಯ ಜೊತೆಗೆ. ಮಾರಿದವನು ಬಿಲ್ಲನ್ನು ಪೋರ್ಟಲ್ಲಿಗೆ ಏರಿಸದಿದ್ದರೆ ಕೊಂಡವನಿಗೆ ತೆರಿಗೆಯ ಕ್ರೆಡಿಟ್ ಸಿಗದು. ಒಬ್ಬನ ಮರೆವು ಇನ್ನೊಬ್ಬನ ನಷ್ಟವಾಯಿತು. 2018ರ ಏಪ್ರಿಲ್‌ನಲ್ಲಿ ಮಾಲು ಸಾಗಿಸಲು ಇ-ವೇ ಬಿಲ್ ಬಂತು. 2023ರ ಆಗಸ್ಟ್‌ನಿಂದ 5 ಕೋಟಿ ದಾಟಿದ ವಹಿವಾಟಿನವರು ಇನ್ನೊಬ್ಬ ವ್ಯಾಪಾರಿಗೆ ಬರೆದ ಬಿಲ್ಲು ಸರ್ಕಾರಿ ಪೋರ್ಟಲ್ಲಿನ ನಂಬರು ಬೀಳುವ ತನಕ ಬಿಲ್ಲೇ ಅಲ್ಲ. ರಾತ್ರಿ ಕೂತು ಹಳೆಯ ಬಿಲ್ಲು ತಿದ್ದುತ್ತಿದ್ದ ಸುಖ ಅಲ್ಲಿಗೆ ಮುಗಿಯಿತು. ಒಣದ್ರಾಕ್ಷಿಯಲ್ಲಿ ಇನ್ನೊಂದು ತೊಡಕಿದೆ. ರೈತನೇ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು; ಅದೇ ಮಾಲನ್ನು ವ್ಯಾಪಾರಿ ಮಾರಿದರೆ ತೆರಿಗೆ ಉಂಟು. ಹಾಗಾಗಿ ಮಾಲು ಯಾವುದು ಎಂದಷ್ಟೇ ತಿಳಿದರೆ ಸಾಲದು, ಮಾರಿದವರು ಯಾರೆಂದೂ ತಂತ್ರಾಂಶಕ್ಕೆ ಗೊತ್ತಿರಬೇಕು.

ಇದೆಲ್ಲ ಕಾನೂನಿನ ಕೆಲಸ, ತಂತ್ರಜ್ಞಾನದ್ದಲ್ಲ ಎನ್ನಬಹುದು. ಆದರೆ ಊರೂರಿನ ಬಿಲ್ಲುಗಳನ್ನು ಒಂದಕ್ಕೊಂದು ತಾಳೆ ನೋಡುವ ಜಾಲ ಇಲ್ಲದಿದ್ದರೆ ಇಂಥ ಕಾನೂನು ಬರೆದೂ ಪ್ರಯೋಜನವಿರಲಿಲ್ಲ. 2005ರಲ್ಲಿ ವ್ಯಾಟ್ ಬಂದಾಗ ಬದಲಾದದ್ದು ತೆರಿಗೆಯ ಲೆಕ್ಕಾಚಾರ. ಬಿಲ್ಲು ಹುಟ್ಟುವ ಜಾಗ ಅಂಗಡಿಯೇ ಆಗಿತ್ತು. ಇನ್ನು ಕೃತಕ ಬುದ್ಧಿಮತ್ತೆ ಚೀಟಿಯ ಫೋಟೊ ನೋಡಿ ತಾನೇ ಎಂಟ್ರಿ ಹಾಕುತ್ತದೆ, ಟ್ಯಾಲಿ ಯಾಕೆ ಬೇಕು ಎನ್ನುವವರಿದ್ದಾರೆ. ಟೈಪು ಮಾಡುವ ಕೆಲಸ ಹೋದೀತು, ನಿಜ. ನನಗೆ ಅದಕ್ಕಿಂತ ದೊಡ್ಡ ಅಪಾಯ ಕಾಣುವುದು ಬೇರೆ ಕಡೆ: ಬಿಲ್ಲು ಪೋರ್ಟಲ್ಲಿನಲ್ಲಿ, ದುಡ್ಡು ಯುಪಿಐ ಮೂಲಕ ಬ್ಯಾಂಕಿನಲ್ಲಿ ಮೊದಲೇ ದಾಖಲಾದರೆ, ಅಂಗಡಿಯ ತಂತ್ರಾಂಶಕ್ಕೆ ತನ್ನದೇ ಎನ್ನುವ ಮಾಹಿತಿ ಎಷ್ಟು ಉಳಿದೀತು? ಸದ್ಯಕ್ಕೆ ಉಳಿದಿರುವುದು ಉದ್ರಿ. ಯಾವ ರೈತನಿಗೆ ಮುಂಗಡ ಕೊಟ್ಟಿದೆ, ಯಾರ ಬಾಕಿಯನ್ನು ಮುಂದಿನ ಸುಗ್ಗಿಗೆ ಮುರಿದುಕೊಳ್ಳಬೇಕು ಎಂಬುದು ಸರ್ಕಾರದ ಪೋರ್ಟಲ್ಲಿಗೆ ಇನ್ನೂ ಗೊತ್ತಿಲ್ಲ.